ವಿಟಲೀನಳ ಹುಳುಗಳೂ ಎಲ್ಫೇಜನ ಕರಡಿಯೂ

ವಿಟಲೀನ್ ಕುರ್ಚಿಯ ಮೇಲೆ ನೆಟ್ಟಗೆ ಕೂತದ್ದನ್ನು ಕಂಡವರು ಸೇಂಟ್ ಜಾನ್ ಹೊಳೆಯ ನಮ್ಮ ಮೇಯ್ನ್ ದಡದಲ್ಲೂ ಇರಲಿಲ್ಲ, ಕೆನಡಾದ ಆಚೆ ದಡದಲ್ಲೂ ಇರಲಿಲ್ಲ. ಭಾನುವಾರದ ಪೂಜೆಗೆ ಬಂದರೂ ಬಾಗಿಲ ಪಕ್ಕ ನಿಂತೇ ಇರುತ್ತಿದ್ದಳು. ಪಾದ್ರಿಗಳು ಪ್ರವಚನವನ್ನು ಸ್ವಲ್ಪ ಎಳೆದರೆ ಸಾಕು, ಹೊರಗೆ ಹೋಗಿ ತನ್ನ ಪಿಕಪ್ಪಿನ ಟೈರು ಒದ್ದು ನೋಡಿ ಬರುತ್ತಿದ್ದಳು. ಊಟವೂ ನಿಂತೇ. ಒಲೆಯ ಮೇಲೆ ಹುಯ್ದ ಪ್ಲೋಯ್ ದೋಸೆ ತಟ್ಟೆಗೆ ಬೀಳುವ ಮೊದಲೇ ಬೆಣ್ಣೆ ಸವರಿ, ಸುರುಳಿ ಸುತ್ತಿ, ಬಾಯಿಗಿಟ್ಟುಕೊಂಡು ಅಂಗಳ ದಾಟಿರುತ್ತಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅವಳ ಅಮ್ಮನೇ ಹೇಳುತ್ತಿದ್ದಳು. ಅಂಥವಳಿಗೆ ಸಿಕ್ಕ ಕಸುಬಾದರೂ ಎಂಥದ್ದು ನೋಡಿ: ಬರೀ ಕಾಯುವ ಕಸುಬು.

ಬೇಟೆಯವರು, ಬೋನು ಇಡುವವರು ತಂದುಕೊಟ್ಟ ತಲೆಗಳಿಂದ ಮಾಂಸ ಬಿಡಿಸಿ, ಬುರುಡೆಯನ್ನು ಶುಭ್ರ ಮಾಡಿ ಕೊಡುವುದು, ತನಗೇ ಕೊಟ್ಟುಬಿಟ್ಟದ್ದನ್ನು ಮಾರುವುದು, ಇದು ಅವಳ ಕೆಲಸ. ಶುರುವಾದದ್ದು ಚಿಕ್ಕಂದಿನಲ್ಲಿ. ಅವಳ ಅಪ್ಪ ಲಿಯಾನ್ಸ್ ಬೀವರುಗಳಿಗೆ ಬೋನು ಇಡುತ್ತಿದ್ದ. ಚರ್ಮ ಸುಲಿದು ತಲೆಯನ್ನು ಕೊಟ್ಟಿಗೆಯ ಹಿಂದೆ ಎಸೆಯುತ್ತಿದ್ದ. ಮಗಳು ಅವನ್ನು ಆಯ್ದು ಇರುವೆಗೂಡಿನ ಮಗ್ಗುಲಲ್ಲಿ ಇಟ್ಟು, ಶಾಲೆಯಿಂದ ಬಂದವಳೇ ಚೀಲ ಬಿಸಾಕಿ ನೋಡಲು ಓಡುತ್ತಿದ್ದಳು. ಇರುವೆಗಳು ತಮ್ಮ ಪಾಡಿಗೆ ತಿನ್ನುತ್ತಿದ್ದವು. ಇವಳು ಬೇಗ ಬೇಗ ಅಂತ ಕಡ್ಡಿಯಲ್ಲಿ ಕೆದಕುತ್ತಿದ್ದಳು. ಇರುವೆಗಳು ಕೆಲಸ ಬಿಟ್ಟು ಅವಳ ಕೈ ಹತ್ತುತ್ತಿದ್ದವು. ಅಮ್ಮ ಬೈದು ಬೈದು ಸುಸ್ತಾದಳು. ಅಪ್ಪ ಮಾತ್ರ ನಗುತ್ತಿದ್ದ.

ಈಗ ಇರುವೆ ಇಲ್ಲ, ಹುಳುಗಳಿವೆ. ಗುಡ್ಡದ ಮಗ್ಗುಲಿಗೆ ಅರ್ಧ ಹೂತ ಹಾಗೆ ಕಟ್ಟಿದ ಹಳೆಯ ಆಲೂಗಡ್ಡೆ ಕಣಜ ಅವಳದು. ಅದರ ಹಿಂದುಗಡೆಯ ಕತ್ತಲೆಯಲ್ಲಿ ಕೆಟ್ಟುಹೋದ ಫ್ರೀಜರ್ ಪೆಟ್ಟಿಗೆಗಳು, ಕಾವಿಗೆ ಮೇಲೊಂದೊಂದು ಬಲ್ಬು, ಒಳಗೆ ಲೆಕ್ಕವಿಲ್ಲದಷ್ಟು ಕಪ್ಪು ಹುಳುಗಳು, ಅವುಗಳ ಕೂದಲು ಕೂದಲಾದ ಮರಿಗಳು. ಒಣಗಿಸಿದ ತಲೆಯನ್ನು ಒಳಗಿಟ್ಟು ಕಿವಿಗೊಟ್ಟರೆ ಬಿಸಿ ಕಾವಲಿಗೆ ಎಣ್ಣೆ ಬಿದ್ದಂಥ ಸದ್ದು ಸಣ್ಣಗೆ ಕೇಳುತ್ತದೆ. ಮೂಳೆಗೆ ಗೀರು ಬೀಳದ ಹಾಗೆ, ಮೂಗಿನೊಳಗಿನ ಹಾಳೆಯಂಥ ಎಲುಬೂ ಮುರಿಯದ ಹಾಗೆ ತಿಂದು ಮುಗಿಸುತ್ತವೆ. ಆಮೇಲೆ ಸೋಪುನೀರಿನ ಬಕೆಟ್ಟಿನಲ್ಲಿ ಜಿಡ್ಡು ಬಿಡಬೇಕು, ಆಮೇಲೆ ಪೆರಾಕ್ಸೈಡಿನಲ್ಲಿ ಬೆಳ್ಳಗಾಗಬೇಕು. ಕರಡಿಯ ಮೂಳೆಯಂತೂ ತಿಂಗಳುಗಟ್ಟಲೆ ಜಿಡ್ಡು ಕಾರುತ್ತದೆ.

ಕಣಜದ ಮುಂದುಗಡೆ ರಸ್ತೆಗೆ ಮುಖ ಮಾಡಿ ಹಲಗೆಗಳು. ಮಿಂಕು, ನರಿ, ಕಯೋಟಿ, ಲಿಂಕ್ಸುಗಳ ಬುರುಡೆಗಳು, ಎಲ್ಲ ಗಾತ್ರದ ಪ್ರಕಾರ. ತೆಂಕಣ ಪಟ್ಟಣಗಳಿಂದ ಬರುವವರು ಕಾರು ನಿಲ್ಲಿಸಿ, ಮೂಗು ಮುರಿದುಕೊಂಡೇ ಒಳಗೆ ಬಂದು, ಕೊನೆಗೆ ಕಯೋಟಿ ಒಂದನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಹೋಗುತ್ತಾರೆ. ಬೀವರಿನ ಹಲ್ಲು ಹುಟ್ಟಾ ಕಿತ್ತಳೆ ಬಣ್ಣ. ಅದಕ್ಕೆ ನೀವೇ ಬಣ್ಣ ಬಳಿದಿರಾ ಅಂತ ಪ್ರತಿಯೊಬ್ಬರೂ ಕೇಳುತ್ತಾರೆ. ಹಬ್ಬ ಬಂತು ಅಂತ ಅವೇ ಬಳಕೊಂಡವು ಅನ್ನುತ್ತಾಳೆ ಇವಳು, ಮುಖ ಸಡಿಲಿಸದೆ. ನಡುವಿನ ಹಲಗೆಯ ಮೇಲೊಂದು ಕರಡಿ ಬುರುಡೆ, ಬೆಣ್ಣೆಯಂಥ ಹಳದಿ. ಅದು ಲಿಯಾನ್ಸನ ಮೊದಲ ಕರಡಿ. ಹಿಂದೆ ಅಜ್ಜಿ ಅದನ್ನು ಅವರೆ ಬೇಯಿಸುವ ಹಂಡೆಯಲ್ಲಿ ಹಾಕಿ ಕುದಿಸಿಬಿಟ್ಟಿದ್ದಳು. ಕುದಿಸಿದರೆ ಕೊಬ್ಬು ಮೂಳೆಯೊಳಕ್ಕೆ ಇಳಿದು ವರ್ಷ ವರ್ಷಕ್ಕೂ ಹಳದಿಯಾಗಿ ಹೊರಗೆ ಬರುತ್ತದೆ. ಅದನ್ನು ಕೇಳಿದವರು ಬಹಳ ಮಂದಿ. ಎಷ್ಟು ಕೊಟ್ಟರೂ ಮಾರುವುದಿಲ್ಲ ಎನ್ನುತ್ತಿದ್ದಳು ವಿಟಲೀನ್.

ಇನ್ನು ಎಲ್ಫೇಜ್. ಲಿಯಾನ್ಸನ ಜೊತೆಗಾರ, ವಿಟಲೀನಳ ಜ್ಞಾನಸ್ನಾನದ ದಿನ ಅವಳನ್ನು ಕೈಯಲ್ಲಿ ಹಿಡಿದು ನಿಂತವನು. ನಮ್ಮಲ್ಲಿ ಅಂಥವರನ್ನು ಪಾರೆನ್ ಅನ್ನುತ್ತೇವೆ. ಅಪ್ಪ ಹೋದ ಮೇಲೆ ಅವಳಿಗೆ ಗದರಿಸುವ ಹಕ್ಕಿದ್ದವನು ಅವನೊಬ್ಬನೇ. ಎಂಬತ್ತು ದಾಟುವವರೆಗೆ ಜಿಂಕೆ ಹೊಡೆದ, ಮೂಸ್ ಹೊಡೆದ, ಕರಡಿ ಮಾತ್ರ ಅವನಿಗೆ ಒಲಿಯಲೇ ಇಲ್ಲ. ಇವನು ಮರದ ಮೇಲೆ ಕಾದು ಕೂತರೆ ಕರಡಿ ಪಕ್ಕದವನ ಮರದಡಿಗೆ ಹೋಗುತ್ತಿತ್ತು.

ಇದು ಯಾಕೆ ದೊಡ್ಡ ಮಾತು ಅಂದರೆ, ನಮ್ಮ ಬೇಟೆ ಸಂಘದ ಮನೆಯಲ್ಲಿ ಒಲೆಯ ಮೇಲುಗಡೆ ಒಂದು ಉದ್ದನೆಯ ಹಲಗೆಯಿದೆ. ಊರಿನ ಪ್ರತಿಯೊಬ್ಬನ ಮೊದಲ ಕರಡಿಯ ಬುರುಡೆ ಅಲ್ಲಿ ಕೂರುತ್ತದೆ, ಕೆಳಗೆ ಮರದಲ್ಲಿ ಅವನ ಹೆಸರು ಸುಟ್ಟು ಬರೆದಿರುತ್ತದೆ. ಲಿಯಾನ್ಸ್ ಮಾತ್ರ ತನ್ನದನ್ನು ಅಲ್ಲಿಡದೆ ಮನೆಯಲ್ಲೇ ಇಟ್ಟುಕೊಂಡಿದ್ದ, ಗೆಳೆಯನಿಗೆ ಬೇಜಾರಾಗದಿರಲಿ ಅಂತ. ಆದರೆ ಸಂಘದ ಮುಖ್ಯಸ್ಥ ವಾಲಿಯರ್ ಇದ್ದಾನಲ್ಲ, ಕೀಟಲೆಗೇ ಹುಟ್ಟಿದವನು. ಅವನು ಎಲ್ಫೇಜನ ಹೆಸರನ್ನೂ ಸುಟ್ಟು ಬರೆದು, ಮೇಲೆ ಒಂದು ಆಲೂಗಡ್ಡೆ ಇಟ್ಟ. ಕಣ್ಣು, ಮೂಗು, ಕೋರೆಹಲ್ಲು ಕೊರೆದ ಆಲೂಗಡ್ಡೆ. ಪ್ರತಿ ಬೆಳೆ ಕಿತ್ತಾಗ ಹೊಸದು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಎಲ್ಫೇಜನೂ ನಕ್ಕ. ನಕ್ಕು ಮನೆಗೆ ಹೋಗಿ ಹೆಂಡತಿಯ ಹತ್ತಿರ ಮಾತಾಡದೆ ಮಲಗುತ್ತಿದ್ದ. ಇದನ್ನು ಆ ಪುಣ್ಯಾತ್ಗಿತ್ತಿಯೇ ಬದುಕಿದ್ದಾಗ ನಮ್ಮ ಮನೆಯಲ್ಲಿ ಹೇಳಿದ್ದಳು.

ಹಾಗಿರುವಾಗ ಕಳೆದ ಶರತ್ಕಾಲದಲ್ಲಿ ಕರಡಿ ಬಂತು. ತಾನಾಗಿ ಬಂದು ಎಲ್ಫೇಜನ ಮುಂದೆ ಅಡ್ಡಡ್ಡ ನಿಂತಿತು, ಅವನು ಹೊಡೆದ. ಹೊಡೆದ ಪ್ರಾಣಿಯನ್ನು ನೋಂದಾಯಿಸುವ ಅಂಗಡಿಯ ಮುಂದೆ ಜಾತ್ರೆಯ ಹಾಗೆ ಜನ. ಈಗೀಗ ಒಂದು ನಿಯಮವಿದೆ, ಕರಡಿಯ ಕೋರೆಹಲ್ಲಿನ ಹಿಂದಿರುವ ಅಕ್ಕಿಕಾಳಿನಂಥ ಹಲ್ಲೊಂದನ್ನು ಕಿತ್ತು ಅಲ್ಲಿ ಒಪ್ಪಿಸಬೇಕು, ವಯಸ್ಸು ತಿಳಿಯಲಿಕ್ಕೆ. ಅಂಗಡಿಯವನು ಇಕ್ಕಳ ಹಿಡಿದು ಬಂದರೆ ಎಲ್ಫೇಜ್ ಕಸಿದುಕೊಂಡ. ನನ್ನ ಬಾಯಲ್ಲಿ ಒಂದೂ ಹಲ್ಲಿಲ್ಲ, ಇದರ ಬಾಯಿಂದಾದರೂ ನಾನೇ ಕೀಳ್ತೀನಿ ಅಂದ. ಕಿತ್ತು, ಎಲ್ಲರಿಗೂ ತೋರಿಸಿ, ಆಮೇಲೆ ತಲೆಯನ್ನು ಗೋಣಿಚೀಲದಲ್ಲಿ ಹಾಕಿ ವಿಟಲೀನಳ ಪಿಕಪ್ಪಿನಲ್ಲಿ ತಾನೇ ಇಟ್ಟ.

"ಹಲಗೆ ಮೇಲಿನ ಆಲೂಗಡ್ಡೆ ಮೊಳಕೆ ಒಡೆಯೋದ್ರೊಳಗೆ ಮಾಡ್ಕೊಡೇ," ಅಂದ.

ಆಗ ಯಾರಿಗೂ ಗೊತ್ತಿರಲಿಲ್ಲ. ಕೆಲವು ದಿನ ಬಿಟ್ಟು ಹೊಟ್ಟೆನೋವು ಅಂತ ಡಾಕ್ಟರ ಹತ್ತಿರ ಹೋದವನಿಗೆ ಒಳಗೆ ಗಡ್ಡೆ ಬೆಳೆದಿದೆ, ಹಿಮ ಕೂರುವವರೆಗೆ ಇದ್ದರೆ ಹೆಚ್ಚು ಅಂದರು. ಮಗಳು ಜರ್ಮೇನ್ ಮಂಚವನ್ನು ಮುಂದಿನ ಕೋಣೆಗೆ ತಂದು ಒಲೆಯ ಪಕ್ಕ ಹಾಕಿದಳು. ಎಲ್ಫೇಜ್ ಮಲಗಿಕೊಂಡೇ ವಿಟಲೀನಳಿಗೆ ಫೋನು ಮಾಡಲು ಶುರುಮಾಡಿದ. ಮೊದಮೊದಲು ತಮಾಷೆ: ನಿನ್ನ ಹುಳು ಹಲ್ಲುಜ್ತಾ ಇವೆಯಾ, ತಿಂತಾ ಇವೆಯಾ? ಆಮೇಲೆ ತಮಾಷೆ ಕಮ್ಮಿಯಾಯಿತು. ಆಯ್ತಾ ಅಂತ ಮಾತ್ರ ಕೇಳುತ್ತಿದ್ದ, ಫೋನಿನಲ್ಲಿ ಉಸಿರು ಕೇಳಿಸುತ್ತಿತ್ತು. ಅವನಿಗೆ ಬೇಕಾದದ್ದು ಒಂದೇ, ಕಣ್ಣು ಮುಚ್ಚುವ ಮೊದಲು ತನ್ನ ಕರಡಿಯನ್ನು ಕೈಯಲ್ಲಿ ಹಿಡಿಯಬೇಕು. ಹಲಗೆ ಗಿಲಗೆ ಆಮೇಲೆ.

ವಿಟಲೀನಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕರಡಿ ತಲೆಯನ್ನು ಸುಲಿದು, ಕಣ್ಣು ನಾಲಿಗೆ ತೆಗೆದು, ಗಾಳಿಗೆ ನೇತುಹಾಕಿದ್ದಳು. ಮಾಂಸ ಒಣಗಿ ತೊಗಲಿನ ಹಾಗಾದ ಮೇಲೆ ಹುಳುಗಳಿಗೆ ಕೊಡಬೇಕು, ಅದು ಕ್ರಮ. ಅಂಗಳಕ್ಕೆ ಹೋಗಿ ಮುಟ್ಟಿ ನೋಡಿದಳು, ಇನ್ನೂ ಮೆತ್ತಗಿತ್ತು. ಒಲೆಗೆ ಕಟ್ಟಿಗೆ ಹಾಕಿ ಬಂದು ಮತ್ತೆ ಮುಟ್ಟಿದಳು. ಬಟ್ಟೆ ಒಗೆಯಲು ಹಾಕಿ, ಅರ್ಧಕ್ಕೆ ಬಿಟ್ಟು, ಮತ್ತೆ ಮುಟ್ಟಿದಳು. ಮುಟ್ಟಿದರೆ ಒಣಗುತ್ತದೆಯೇ? ಎಲ್ಫೇಜನ ಉಸಿರು ಕಿವಿಯಲ್ಲೇ ಇತ್ತು. ಹಾಳಾಗಿ ಹೋಗಲಿ ಅಂತ ಹಸಿಹಸಿಯಾಗಿಯೇ ಪೆಟ್ಟಿಗೆಯಲ್ಲಿಟ್ಟಳು. ಬೇಗ ತಿನ್ನಲಿ ಅಂತ ದೊಡ್ಡ ಬಲ್ಬು ಹಾಕಿ ಮುಚ್ಚಳ ಬಿಗಿದಳು.

ಇಷ್ಟು ವರ್ಷ ಇದೇ ಕೆಲಸ ಮಾಡಿದವಳು, ಯಾರಾದರೂ ಹೊಸಬ ಕೇಳಿದರೆ ಇದನ್ನೇ ಮಾಡಬೇಡ ಅಂತ ಗಂಟಲು ಹರಿಯುವ ಹಾಗೆ ಹೇಳುವವಳು. ಹಸಿ ಮಾಂಸ ಕಾವಿಗೆ ಬೆವರಿತು, ಬೂಷ್ಟು ಹಿಡಿಯಿತು, ಕಣ್ಣುರಿಯುವ ಹಬೆ ಎದ್ದಿತು. ಮುಚ್ಚಳ ತೆಗೆದಾಗ ಆ ಸಣ್ಣ ಸದ್ದು ಇರಲಿಲ್ಲ. ಹುಳುಗಳು ಹೊಟ್ಟೆ ಮೇಲೆ ಮಾಡಿಕೊಂಡು ತಳದಲ್ಲಿ ರಾಶಿ ಬಿದ್ದಿದ್ದವು. ಕರಡಿಯ ತಲೆ ಒಂದು ಕಡೆ ಮೂಳೆ, ಒಂದು ಕಡೆ ಹಸಿರುಗಟ್ಟಿದ ಮಾಂಸ. ವಿಟಲೀನ್ ಕಣಜದ ಬಾಗಿಲಿಗೆ ಬಂದು ತನ್ನನ್ನು ತಾನೇ ಬಾಯಿಗೆ ಬಂದ ಹಾಗೆ ಬೈದುಕೊಂಡಳು. ರಸ್ತೆಯಲ್ಲಿ ಹೋಗುತ್ತಿದ್ದ ನಾನು ಯಾರಿಗೆ ಬೈತಿದ್ದಾಳೆ ಅಂತ ಸುತ್ತ ನೋಡಿದೆ, ಯಾರೂ ಇರಲಿಲ್ಲ.

ಕುದಿಸಿಬಿಡು ಅಂದರು ಎಲ್ಲರೂ. ವಾಲಿಯರನೂ ಅಂದ. ಅವಳು ಒಪ್ಪಲಿಲ್ಲ. ಕುದಿಸಿದ ಕರಡಿಯನ್ನು ಸಂಘದ ಹಲಗೆಯ ಮೇಲಿಟ್ಟರೆ ಎಲ್ಫೇಜನ ಹೆಸರಿನ ಮೇಲೆ ಜೀವಮಾನವೆಲ್ಲ ಜಿಡ್ಡು ಸುರಿಯುತ್ತದೆ, ಆಲೂಗಡ್ಡೆಗೆ ನಕ್ಕವರು ಅದಕ್ಕೂ ನಗುತ್ತಾರೆ ಅಂದಳು. ಹಾಗಂತ ಹಾಗೆಯೇ ತೆಗೆದುಕೊಂಡು ಹೋಗಿ ತೋರಿಸುವುದೂ ಅವಳಿಂದಾಗದು. ಅರ್ಧ ಆದ ತಲೆಯನ್ನು ಹೊಡೆದವನ ಕಣ್ಣಿಗೆ ತೋರಿಸಬಾರದು ಅನ್ನುವುದು ಅವಳು ತಾನೇ ಮಾಡಿಕೊಂಡ ಕಟ್ಟುಪಾಡು. ಶುಭ್ರವಾಗಿ ಬೆಳ್ಳಗಿರುವುದನ್ನೇ ಕೈಗೆ ಕೊಡಬೇಕು, ಇಲ್ಲದಿದ್ದರೆ ಕೊಡಲೇಬಾರದು. ಪೆಟ್ಟಿಗೆ ಕೆರೆದು, ಉಳಿದ ನಾಲ್ಕಾರು ಹುಳುಗಳನ್ನು ಬೇರೆ ಮಾಡಿ, ಬೂಷ್ಟು ಒರೆಸಿ, ತಲೆಯನ್ನು ಒಂದು ತಗಡಿನ ಟಬ್ಬಿನಲ್ಲಿಟ್ಟು ನೀರು ಹುಯ್ದಳು. ನೀರಿನಲ್ಲಿ ಕೊಳೆಸಿಯಾದರೂ ಬಿಡಿಸೋಣ ಅಂತ. ಅದಕ್ಕೂ ಕಾಲ ಬೇಕು.

ಮಾರನೆಯ ವಾರ ಜರ್ಮೇನ್ ಫೋನು ಮಾಡಿದಳು. ಅಪ್ಪ ಊಟ ಬಿಟ್ಟಿದ್ದಾನೆ, ತರೋದಾದರೆ ಈಗಲೇ ತಾ, ಆಮೇಲೆ ತಂದು ಪ್ರಯೋಜನ ಇಲ್ಲ ಅಂದಳು.

ವಿಟಲೀನ್ ಕಣಜದಲ್ಲಿ ಹಿಂದಕ್ಕೂ ಮುಂದಕ್ಕೂ ತಿರುಗಾಡಿದಳು. ಹಾಗೆ ತಿರುಗುವಾಗ ನಡುವಿನ ಹಲಗೆಯ ಮೇಲಿನ ಹಳದಿ ಬುರುಡೆ ಕಣ್ಣಿಗೆ ಬಿತ್ತು. ಎಲ್ಫೇಜ್ ತನ್ನ ಕರಡಿಯನ್ನು ಕಂಡದ್ದು ಕಪ್ಪು ಕೂದಲು, ಕಂದು ಮೂತಿ ಇದ್ದಾಗ. ಕರಡಿ ಹೊಡೆದವನಿಗೆ ಅದರ ಮುಖ ಗೊತ್ತು, ಬುರುಡೆ ಗೊತ್ತಿರುವುದಿಲ್ಲ. ಗಾತ್ರವೂ ಹೆಚ್ಚುಕಮ್ಮಿ ಅಷ್ಟೇ. ಬಣ್ಣವೊಂದೇ ಅಡ್ಡಿ. ಅಪ್ಪನ ಕರಡಿಯನ್ನು ಇಳಿಸಿಕೊಂಡಳು. ಪೆರಾಕ್ಸೈಡು ಹಾಕಿ, ಬಿಸಿ ಮಾಡಿ, ಉಜ್ಜಿ, ಮತ್ತೆ ಹಾಕಿ, ಅಜ್ಜಿಯ ಹಂಡೆಯ ಅಷ್ಟು ವರ್ಷದ ಹಳದಿಯನ್ನು ತೊಳೆದುಬಿಟ್ಟಳು. ಮೇಲಿನ ಪದರ ಬೆಳ್ಳಗಾಯಿತು. ನೋಡಿದರೆ ಯಾವುದೋ ಅಂಗಡಿಯ ಕರಡಿ. ಆದರೂ ಒಂದು ಹೊಸ ಟವಲಿನಲ್ಲಿ ಸುತ್ತಿಕೊಂಡು ಪಿಕಪ್ಪು ಹತ್ತಿದಳು.

ಎಲ್ಫೇಜ್ ದಿಂಬಿಗೆ ಒರಗಿ ಕೂತಿದ್ದ. ಇಷ್ಟೇ ಇಷ್ಟು ಆಗಿಹೋಗಿದ್ದ. ಟವಲು ಬಿಚ್ಚಿದಾಗ ಕಣ್ಣು ಅರಳಿತು, ಎರಡೂ ಕೈ ಚಾಚಿದ. ವಿಟಲೀನ್ ಅವನ ಮಡಿಲಲ್ಲಿ ಇಟ್ಟು ಕಿಟಕಿಯ ಹತ್ತಿರ ಹೋಗಿ ನಿಂತಳು, ಅಲ್ಲಿಂದ ಒಲೆಯ ಹತ್ತಿರ, ಅಲ್ಲಿಂದ ಬಾಗಿಲಿಗೆ. ಜರ್ಮೇನ್ ಬಾಯಿಗೆ ಸೆರಗಿನ ಹಾಗೆ ಏಪ್ರನ್ ಹಿಡಿದು ಅಳುತ್ತಿದ್ದಳು. ಮುದುಕ ಬುರುಡೆಯ ನೆತ್ತಿ ಸವರಿದ, ಕಣ್ಣಿನ ಗುಳಿ ಸವರಿದ, ಕೋರೆಹಲ್ಲಿಗೆ ಬಂದ. ಕೋರೆಹಲ್ಲಿನ ಹಿಂದೆ ಬೆರಳು ಇಟ್ಟ. ಅಲ್ಲೇ ನಿಲ್ಲಿಸಿದ. ಇನ್ನೊಂದು ಕಡೆಯೂ ಮುಟ್ಟಿ ನೋಡಿ ಮತ್ತೆ ಈ ಕಡೆಗೇ ಬಂದ.

"ಇಲ್ಲಿ ಹಲ್ಲಿದೆ," ಅಂದ.

ಹಲ್ಲಿನ ವಿಷಯ ವಿಟಲೀನಳ ತಲೆಗೇ ಹೊಳೆದಿರಲಿಲ್ಲ. ಲಿಯಾನ್ಸನ ಕಾಲದಲ್ಲಿ ಆ ನಿಯಮ ಎಲ್ಲಿತ್ತು?

"ನಾನು ಕಿತ್ತ ಹಲ್ಲು ಸತ್ತ ಮೇಲೆ ಮತ್ತೆ ಹುಟ್ತಾ, ಮಗಳೇ?"

ಎಲ್ಫೇಜ್ ಬುರುಡೆಯನ್ನು ತಿರುಗಿಸಿ ಹಿಂದಿನ ಮೂಳೆಯ ಮೇಲಿನ ಸಣ್ಣ ಸೀಳನ್ನು ಹುಡುಕಿದ. ಸಿಕ್ಕಿತು.

"ಇದು ಲಿಯಾನ್ಸಂದು. ಕಾಡಿಂದ ಇದನ್ನ ಎಳ್ಕೊಂಡು ಬರೋವಾಗ ಬಂಡೆಗೆ ಬಡಿಸಿದ್ದು ನಾನೇ. ಅವನು ಅವತ್ತು ಎಷ್ಟು ಬೈದ ಗೊತ್ತಾ." ಸ್ವಲ್ಪ ಹೊತ್ತು ಉಸಿರಾಡಿಕೊಂಡ. "ಎಷ್ಟು ಚೆನ್ನಾಗಿ ಹಳದಿ ಇತ್ತು ಇದು. ಆ ಹಳದೀನ ಏನು ಮಾಡ್ದೇ ನೀನು?"

ವಿಟಲೀನ್ ಅಲ್ಲೇ ಬಾಗಿಲಿಗೆ ಒರಗಿ ಎಲ್ಲ ಹೇಳಿದಳು. ಹಸಿ ಮಾಂಸ, ಬಲ್ಬು, ಸತ್ತ ಹುಳು, ಟಬ್ಬು. ನಿಮಗೆ ಬೆಳ್ಳಗೇ ಕೊಡಬೇಕು ಅಂತಿತ್ತು, ಪಾರೆನ್, ಅಂದಳು. ಅಳಲಿಕ್ಕೂ ಆಗದೆ ಸುಮ್ಮನಿರಲಿಕ್ಕೂ ಆಗದೆ ಬಾಗಿಲ ಚಿಲಕವನ್ನು ತೆಗೆದು ಹಾಕಿ ಮಾಡುತ್ತಿದ್ದಳು. ಬೈಸಿಕೊಂಡಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಎಲ್ಫೇಜ್ ಬೈಯಲಿಲ್ಲ.

"ಹೋಗಿ ನಂದು ತಗೊಂಡ್ ಬಾ."

"ಅದಿನ್ನೂ ಆಗಿಲ್ಲ, ಪಾರೆನ್. ನಾರುತ್ತೆ."

"ನಾನೂ ನಾರ್ತಾ ಇದೀನಿ. ತಗೊಂಡ್ ಬಾ."

ಅವಳು ಹೋದ ವೇಗಕ್ಕೆ ನಮ್ಮ ಮನೆಯ ಕೋಳಿಗಳು ಚರಂಡಿಗೆ ಹಾರಿದವು. ಟಬ್ಬಿನ ನೀರು ಚೆಲ್ಲಿ, ತಲೆಯನ್ನು ಅದರಲ್ಲೇ ಇಟ್ಟುಕೊಂಡು ಬಂದಳು. ವಾಸನೆ ಅವಳಿಗಿಂತ ಮೊದಲು ಮನೆಯೊಳಗೆ ಬಂತು. ಜರ್ಮೇನ್ ಎಲ್ಲ ಕಿಟಕಿಗಳನ್ನೂ ತೆರೆದು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಹೊರಗೆ ಹಿಮ ಬೀಳುವ ಹವೆ ಇತ್ತು. ಟಬ್ಬನ್ನು ಮುದುಕನ ತೊಡೆಯ ಮೇಲೆ ಇಟ್ಟರೆ ಆ ಭಾರ ತಡೆಯಲು ಅವನಲ್ಲಿ ಶಕ್ತಿಯಿರಲಿಲ್ಲ. ಯಾರಾದರೂ ಕೆಳಗಿನಿಂದ ಹಿಡಿದೇ ಇರಬೇಕಾಗಿತ್ತು. ವಿಟಲೀನ್ ಕಾಲಿನಿಂದ ಕುರ್ಚಿ ಎಳೆದುಕೊಂಡು ಕೂತಳು, ಎರಡೂ ಕೈ ಟಬ್ಬಿನ ಅಡಿಗೆ ಕೊಟ್ಟಳು.

ಒಂದು ಕಡೆ ಮೂಳೆ, ಒಂದು ಕಡೆ ಕೊಳೆತ ಮಾಂಸ. ನೋಡುವ ಹಾಗಿರಲಿಲ್ಲ. ಎಲ್ಫೇಜ್ ನೋಡಿದ. ಕೈ ಇಳಿಬಿಟ್ಟು ತಡಕಾಡಿ ಕೋರೆಹಲ್ಲನ್ನು ಹಿಡಿದ, ಅದರ ಹಿಂದಿನ ಪುಟ್ಟ ಗುಂಡಿಗೆ ಬೆರಳ ತುದಿ ಇಟ್ಟ. ಮುಖ ಸಡಿಲವಾಯಿತು.

"ಹಾಂ," ಅಂದ. "ಇವನೇ ನೋಡು."

ಆಮೇಲೆ ಅವನು ಆ ದಿನದ ಬೇಟೆಯನ್ನು ಮೊದಲಿಂದ ಹೇಳಿದ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಕರಡಿ ಎಲ್ಲಿ ನಿಂತಿತು, ತನಗೆ ಹೇಗೆ ಮೂತ್ರ ಬಂದ ಹಾಗಾಗಿತ್ತು, ಎಲ್ಲ. ಅವಳಿಗೆ ಇದೆಲ್ಲ ಬಾಯಿಪಾಠವಾಗಿದ್ದ ಕಥೆ. ಬೇರೆ ದಿನವಾಗಿದ್ದರೆ ಅರ್ಧಕ್ಕೇ ಎದ್ದು ಹೋಗಿರುತ್ತಿದ್ದಳು. ಕೈ ಮರಗಟ್ಟಿತು, ಮೂಗಿನಲ್ಲಿ ನೀರು ಸುರಿಯಿತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಕೂತೇ ಇದ್ದಳು. ಅವನು ಬೆರಳನ್ನು ಗುಂಡಿಯಿಂದ ತೆಗೆಯದೆಯೇ ನಿದ್ದೆ ಹೋದ. ಆಮೇಲೂ ಅವಳು ಕೂತೇ ಇದ್ದದ್ದನ್ನು ಜರ್ಮೇನ್ ಒಳಗೆ ಬಂದಾಗ ಕಂಡಳು.

ಆ ವಾರವೇ ಎಲ್ಫೇಜ್ ಹೋದ. ಊರಿನವರೆಲ್ಲ ಪಾತ್ರೆ ಪಾತ್ರೆಗಳಲ್ಲಿ ಅಡುಗೆ ಹಿಡಿದುಕೊಂಡು ಆ ಮನೆಗೆ ಬಂದೆವು. ವಾಲಿಯರ್ ಕೋಳಿ ಸಾರು ತಂದಿದ್ದ. ಜರ್ಮೇನ್ ನೆಲ ಉಜ್ಜಿದ್ದಳು, ಹಾಸಿಗೆ ಹೊರಗೆ ಹಾಕಿದ್ದಳು, ಮೇಣದ ಬತ್ತಿ ಹಚ್ಚಿದ್ದಳು. ಆದರೂ ಆ ನಾತ ಗೋಡೆಗೆ ಹಿಡಿದು ಕೂತಿತ್ತು. ವಾಲಿಯರ್ ಹೊಸಿಲಲ್ಲೇ ಮೂಗು ಮುಚ್ಚಿಕೊಂಡು ಇದೇನಮ್ಮ ಅಂತ ಕೇಳಿದ.

"ಅಪ್ಪನ ಕರಡಿ," ಅಂದಳು ಜರ್ಮೇನ್.

ವಾಲಿಯರ್ ಮೂಗಿನಿಂದ ಕೈ ತೆಗೆದ. ಸಾರಿನ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಟೋಪಿ ಹಾಕಿಕೊಂಡು ಹೊರಟುಹೋದ. ಸಂಜೆ ನಾವು ಸಂಘದ ಮನೆಗೆ ಹೋದಾಗ ಒಲೆಯ ಮೇಲಿನ ಹಲಗೆಯಲ್ಲಿ ಆಲೂಗಡ್ಡೆ ಇರಲಿಲ್ಲ. ಎಲ್ಫೇಜನ ಹೆಸರಿನ ಮೇಲೆ ಒಂದಿಷ್ಟು ಧೂಳಿಲ್ಲದ ದುಂಡನೆಯ ಜಾಗ ಮಾತ್ರ ಇತ್ತು. ಅವನ ಕರಡಿಯ ಬುರುಡೆ ಇನ್ನೂ ವಿಟಲೀನಳ ಬಕೆಟ್ಟಿನಲ್ಲಿದೆ, ಜಿಡ್ಡು ಬಿಡುತ್ತಿದೆ. ಯಾವಾಗ ಆಗುತ್ತದೆ ಅಂತ ಅವಳನ್ನು ಯಾರೂ ಕೇಳುವುದಿಲ್ಲ.